ಹುಚ್ಚಪ್ಪನ ಮೋಟರು ಕಾಲೇಜು ಸೇರಿದ್ದು

ಸರ್ವಸಿದ್ಧಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಟೆಕ್ನಾಲಜಿಯ ಮಾಹಿತಿ ಪುಸ್ತಿಕೆ ಎಷ್ಟು ನುಣುಪಾಗಿತ್ತೆಂದರೆ, ಅದರ ಮೇಲೆ ಕೂತ ನೊಣವೂ ಜಾರಿ ಬೀಳುತ್ತಿತ್ತು. ಮೊದಲ ಪುಟದಲ್ಲಿ ದಪ್ಪ ಅಕ್ಷರ: ‘ಶೇಕಡಾ ಎಪ್ಪತ್ತು ಪ್ರಾಕ್ಟಿಕಲ್, ಶೇಕಡಾ ಮೂವತ್ತು ಥಿಯರಿ, ಶೇಕಡಾ ನೂರು ನೌಕರಿ.’ ಕೂಡಿಸಿದರೆ ಇನ್ನೂರಾಗುತ್ತದೆ. ಆ ಕಾಲೇಜಿನಲ್ಲಿ ಗಣಿತ ಕಲಿಸುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ನಾಹಿದಾಳ ಕಣ್ಣು ಮಾತ್ರ ಅಕ್ಷರದ ಮೇಲಿರಲಿಲ್ಲ, ಫೋಟೋದ ಮೇಲಿತ್ತು. ದೊಡ್ಡ ಕನ್ನಡಕ ಹಾಕಿಕೊಂಡು ಹಲ್ಲು ಕಿಸಿದ ಹುಡುಗನೊಬ್ಬ ಸೋಲ್ಡರಿಂಗ್ ಐರನ್ನನ್ನು ಪೆನ್ನಿನ ಹಾಗೆ ಹಿಡಿದಿದ್ದ. ಹಿಡಿಕೆಯನ್ನಲ್ಲ, ಕೆಂಪಗೆ ಕಾಯುವ ತುದಿಯನ್ನು.

“ಅಬ್ಬಾ, ಇಂವಾ ನಗಾಕತ್ತಾನ ಅಂದ್ರ ಅಲ್ಲಿ ಕರೆಂಟ್ ಇಲ್ಲ ಅಂತ ಅರ್ಥ. ಇದ್ದಿದ್ರ ಕೈ ಸುಟ್ಟ ವಾಸನಿ ಈ ಹಾಳಿಗೂ ಬರತಿತ್ತು.”

“ಫೋಟೋ ತಗಿಯೂ ಮುಂದ ಎಲ್ಲಾರೂ ಹಂಗ ಹಿಡೀತಾರವಾ,” ಎಂದರು ಅವಳ ಅಬ್ಬಾ, ಅಂದರೆ ಅಪ್ಪ, ಬಾಬುಸಾಬ. “ನಮ್ಮ ನಿಕಾದ ಫೋಟೋದಾಗ ನನ್ನ ಕೈಯಾಗ ಪುಸ್ತಕ ಐತಿ. ನನಗೇನ ಓದಾಕ ಬರತಿತ್ತನ?”

ಲಕಮನಹಳ್ಳಿಯ ಕೈಗಾರಿಕಾ ವಸಾಹತಿನ ಕಡೇ ಸಾಲಿನಲ್ಲಿ ಬಾಬುಸಾಬರ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟು ಬಂದ ಮೋಟರಿನ ಹೊಟ್ಟೆ ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂಡಿಸುವ ಕೆಲಸ. ನಾಹಿದಾ ಹನ್ನೆರಡನೇ ವಯಸ್ಸಿಗೇ ಅಪ್ಪನ ಪಕ್ಕ ಕೂತವಳು. ಅವಳ ಬೆರಳು ಸಣ್ಣ, ತಂತಿಯೂ ಸಣ್ಣ. ಎರಡಕ್ಕೂ ಬೇಗ ಹೊಂದಿಕೆಯಾಯಿತು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ತಂತಿ ಹರಿದಾಗ ಎರಡೂ. ಈಗ, ಅಂದರೆ ತೊಂಬತ್ತೊಂಬತ್ತರ ಜೂನ್ ತಿಂಗಳಲ್ಲಿ, ಅವಳು ಸೈನ್ಸಿನಲ್ಲಿ ಪಿಯುಸಿ ಪಾಸಾಗಿ ಶೇಕಡಾ ಎಪ್ಪತ್ತೊಂದು ಅಂಕ ತಂದಿದ್ದಳು. ಆ ಎಪ್ಪತ್ತೊಂದನ್ನು ಎಲ್ಲಿ ಇಡಬೇಕೆಂಬುದೇ ಆ ತಿಂಗಳ ಮಾತಾಗಿತ್ತು.

ಸಲಹೆಗೆ ಬರಗಾಲವಿರಲಿಲ್ಲ. ಆ ವರ್ಷ ಹುಬ್ಬಳ್ಳಿ–ಧಾರವಾಡದಲ್ಲಿ ಮಂಡಕ್ಕಿ ಕಲಸುವ ಗಿರಮಿಟ್ ಅಂಗಡಿಗಿಂತ ಕಂಪ್ಯೂಟರ್ ಕ್ಲಾಸು ಹೆಚ್ಚಾಗಿದ್ದವು. ಗಿರಮಿಟ್ಟಿನವನಾದರೂ ಖಾರ ಎಷ್ಟು ಹಾಕಲಿ ಎಂದು ಕೇಳಿ ಕೊಡುತ್ತಿದ್ದ. ಕೋರ್ಸಿನವರು ಕೇಳದೇ ಕಲಸಿ ಕೊಡುತ್ತಿದ್ದರು. ಒಬ್ಬರು ಕಂಪ್ಯೂಟರ್ ಎಂದರು. ಇನ್ನೊಬ್ಬರು ಹೆಣ್ಣುಮಗಳಿಗೆ ಟೀಚರ್ ಟ್ರೇನಿಂಗೇ ಸರಿ ಎಂದರು. ಅವರ ಮನೆಯಲ್ಲಿ ಟ್ರೇನಿಂಗ್ ಮುಗಿಸಿದ ಮೂವರು ನೌಕರಿಯ ದಾರಿ ಕಾಯುತ್ತಿದ್ದರು, ಆ ಮಾತು ಬೇರೆ.

ತಾಯಿ ಶಹಜಹಾನಬೇಗಂ ಪುಸ್ತಿಕೆಯನ್ನು ತಿರುವಿ ಮುರುವಿ ನೋಡಿ, “ನಾ ಅಡಗಿ ಕಲ್ತದ್ದೂ ಹಿಂಗ,” ಎಂದರು. “ಎಪ್ಪತ್ತು ಪರ್ಸೆಂಟ್ ಹೊಗಿ, ಮೂವತ್ತು ಪರ್ಸೆಂಟ್ ಅತ್ತಿ ಬೈಗಳ. ಸರ್ಟಿಫಿಕೇಟ್ ಮಾತ್ರ ಇನ್ನೂ ಬಂದಿಲ್ಲ.”

ಬೈರಿದೇವರಕೊಪ್ಪದಲ್ಲಿದ್ದ ಆ ಸರ್ವಸಿದ್ಧಿಯ ಪ್ರಿನ್ಸಿಪಾಲರು ರಮಾಕಾಂತ. ಅದೇ ಕಟ್ಟಡದಲ್ಲಿ ಅವರು ಮೊದಲು ಟೈಪಿಂಗ್ ಕ್ಲಾಸ್ ನಡೆಸಿದರು, ನಂತರ ಕಂಪ್ಯೂಟರ್ ಕ್ಲಾಸ್. ಈಗ ಮೂರು ವರ್ಷದ ಡಿಗ್ರಿ ಕೋರ್ಸು. ಕಟ್ಟಡ ಬದಲಾಗಿರಲಿಲ್ಲ, ಬೋರ್ಡು ಮಾತ್ರ ಪ್ರಮೋಷನ್ ಪಡೆಯುತ್ತ ಹೋಗಿತ್ತು. ಮಾತು ಶುರುಮಾಡುವಾಗಲೇ ‘ಇನ್ ಅದರ್ ವರ್ಡ್ಸ್’ ಎನ್ನುವುದು ಅವರ ರೂಢಿ. ಅದಕ್ಕೂ ಮುಂಚಿನ ವರ್ಡ್ಸ್ ಯಾವುವೆಂದು ಈವರೆಗೆ ಯಾರಿಗೂ ತಿಳಿದಿಲ್ಲ. ಒಮ್ಮೆ ಅಂಗಡಿಗೆ ಬಂದು ಅರ್ಧ ತಾಸು ಕೂತು ಹೋದದ್ದಷ್ಟೇ, ಅಂದು ರಾತ್ರಿ ಊಟಕ್ಕೆ ಕೂತಾಗ ನಾಹಿದಾ ಹೊಟ್ಟೆ ಮುಂದೆ ತಂದು, ಗಂಟಲು ಕೆಳಗಿಳಿಸಿ, “ಇನ್ ಅದರ್ ವರ್ಡ್ಸ್, ಇನ್ನೊಂದು ರೊಟ್ಟಿ ಹಾಕ್ರಿ,” ಎಂದಳು. ತಾಯಿಗೆ ನಗು ಬಂತು. ಬಾಬುಸಾಬರಿಗೆ ಬರಲಿಲ್ಲ. ರೊಟ್ಟಿ ಮುರಿಯುತ್ತ ತಟ್ಟೆಯನ್ನೇ ನೋಡುತ್ತಿದ್ದರು.

ನಾಹಿದಾ ಇನ್ನೊಂದು ಕಡೆಯೂ ಅರ್ಜಿ ಹಾಕಿದ್ದಳು. ಧಾರವಾಡದ ಹಳೇ ಕಾಲೇಜೊಂದರಲ್ಲಿ ಬಿ.ಎಸ್ಸಿ.; ಫಿಸಿಕ್ಸ್, ಮ್ಯಾಥ್ಸ್, ಎಲೆಕ್ಟ್ರಾನಿಕ್ಸ್. ಆ ಕಾಲೇಜಿಗೆ ಮಾಹಿತಿ ಪುಸ್ತಿಕೆ ಇರಲಿಲ್ಲ. ನೋಟಿಸ್ ಬೋರ್ಡಿತ್ತು, ಅದರ ಗಾಜೂ ಒಡೆದಿತ್ತು. ಫಾರ್ಮ್ ಕೊಡಲು ಹೋದ ದಿನ ಫಿಸಿಕ್ಸ್ ಲ್ಯಾಬಿನ ಬಾಗಿಲು ತೆರೆದಿತ್ತು. ಒಳಗೆ ಕಸ ಹೊಡೆಯುತ್ತಿದ್ದ ಮುದುಕಿ, “ನೋಡಿದ್ರ ನೋಡವಾ, ಆದ್ರ ಎರಡನೇ ಟೇಬಲ್ಲಿನ ಮೀಟರ್ ನಂಬಬ್ಯಾಡ. ಅದು ಸುಳ್ಳ ಹೇಳತೈತಿ,” ಎಂದು ಎಚ್ಚರಿಸಿದಳು. ಕಸ ಹೊಡೆಯುವವರಿಗೂ ಯಾವ ಮೀಟರ್ ಸುಳ್ಳು ಎಂದು ಗೊತ್ತಿದ್ದರೆ ಅದನ್ನು ಯಾರೋ ದಿನಾ ಬಳಸುತ್ತಾರೆಂದಾಯಿತು. ನಾಹಿದಾಗೆ ಅದು ಹಿಡಿಸಿತು.

ಅಲ್ಲೇ ಸಿಕ್ಕವರು ವಿದ್ಯಾ ಮೇಡಂ, ಫಿಸಿಕ್ಸ್ ಲೆಕ್ಚರರ್. ತಾನು ಮೋಟರ್ ಕಟ್ಟುತ್ತೇನೆಂದು ನಾಹಿದಾ ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದಳು.

“ಹೌದ? ಹಂಗಾದ್ರ ಒಂದು ಮಾತು ಹೇಳು,” ಎಂದರು ಮೇಡಂ. “ಸಿಂಗಲ್ ಫೇಸ್ ಮೋಟರಿನ ಕೆಪ್ಯಾಸಿಟರ್ ತಗದ್ರ ಏನಾಗ್ತದ?”

“ಗುಂಯ್ ಅಂತೈತ್ರಿ, ತಿರಗಂಗಿಲ್ಲ. ಕೈಲೆ ಒಂದು ಸುತ್ತು ತಿರುವಿದ್ರ ಹೊಂಡತೈತಿ.”

“ಯಾವ ಕಡೆ?”

“ಯಾವ ಕಡೆ ತಿರುವಿದ್ರ ಆ ಕಡೆ. ಬಲಕ್ಕ ಅಂದ್ರ ಬಲಕ್ಕ, ಎಡಕ್ಕ ಅಂದ್ರ ಎಡಕ್ಕ.”

“ಯಾಕ?”

ನಾಹಿದಾ ಬಾಯಿ ತೆರೆದಳು. ಐದು ವರ್ಷದಿಂದ ನೂರಾರು ಸಲ ಕೈಯಿಂದ ತಿರುವಿದ್ದ ಮೋಟರು ಒಮ್ಮೆಯೂ ಈ ಪ್ರಶ್ನೆ ಕೇಳಿರಲಿಲ್ಲ. ಮೇಡಂ ನಕ್ಕು ಒಳಗೆ ಹೋದರು. ಪ್ರಶ್ನೆ ಮಾತ್ರ ಹಲ್ಲಿಗೆ ಸಿಕ್ಕ ಅಡಿಕೆ ಚೂರಿನಂತೆ ಅವಳ ಜೊತೆ ಬಸ್ ಹತ್ತಿ ಮನೆಗೆ ಬಂತು.

ಬುಧವಾರ ಹಳೇ ಕಾಲೇಜಿನ ಪಟ್ಟಿಯಲ್ಲಿ ಅವಳ ಹೆಸರು ಬಂತು. ಶನಿವಾರ ಮಧ್ಯಾಹ್ನ ಒಂದೂವರೆಯೊಳಗೆ ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿ.ಸಿ. ತಂದು ಕೊಟ್ಟವರಿಗೆ ಸೀಟು. ಇಲ್ಲದಿದ್ದರೆ ಮುಂದಿನ ಹೆಸರಿಗೆ.

ಅದೇ ಬುಧವಾರ ಅವಳು ಕಟ್ಟಿ ಮುಗಿಸಿದ್ದು ಅಮರಗೋಳದ ಹುಚ್ಚಪ್ಪನ ಮೋಟರು. ಹುಚ್ಚಪ್ಪನದು ಖಾರದ ಪುಡಿ ಮಾಡುವ ಗಿರಣಿ. ಎಷ್ಟು ಒರೆಸಿ ತೊಳೆದರೂ ಆ ಮೋಟರಿನ ಸಂದಿಯಿಂದ ಖಾರ ಹೋಗುತ್ತಿರಲಿಲ್ಲ. ಅದನ್ನು ಮುಟ್ಟಿದಾಗಲೆಲ್ಲ ನಾಹಿದಾಗೆ ಲೆಕ್ಕ ಹಾಕಿದಂತೆ ಮೂರು ಸೀನು. ಆವತ್ತೂ ಮೂರು ಸೀನು ಸೀನಿ, ತಂತಿ ಕೂಡಿಸುವ ಡಬ್ಬಿಯ ಮುಚ್ಚಳದ ಒಳಬದಿಗೆ, ತಮ್ಮ ಅಂಗಡಿಯ ಪದ್ಧತಿಯಂತೆ, ಕೆಂಪು ವಾರ್ನಿಶ್‌ನಲ್ಲಿ ಮೋಟರಿನ ಪಾಳಿ ನಂಬರು ಬರೆದಳು: ಹನ್ನೊಂದು.

ಶುಕ್ರವಾರ ಸಂಜೆ ಟ್ರಂಕು ತೆಗೆದು ನೋಡಿದರೆ ಮಾರ್ಕ್ಸ್ ಕಾರ್ಡೂ ಇಲ್ಲ, ಟಿ.ಸಿ.ಯೂ ಇಲ್ಲ.

“ನಾನ ಕೊಟ್ಟ ಬಂದೇನಿ,” ಎಂದರು ಬಾಬುಸಾಬ, ಗೋಡೆಯ ಕಡೆ ನೋಡುತ್ತ. “ರಮಾಕಾಂತ ಸಾಹೇಬ್ರಿಗೆ. ಸೀಟು ಪಕ್ಕಾ ಆಗೇತಿ.”

“ನನ್ನ ಕೇಳದ?”

“ಕೇಳಿದ್ರ ನೀ ಆ ಸೋಲ್ಡರಿಂಗ್ ಹುಡುಗನ್ನ ತೋರಸ್ತಿದ್ದಿ.”

“ಅಬ್ಬಾ! ಅವರು ಒರಿಜಿನಲ್ ಇಟಗೊಂಡ್ರ ಮೂರು ವರ್ಷ ತಿರುಗಿ ಕೊಡಂಗಿಲ್ಲ. ಬ್ಯಾರೆ ಎಲ್ಲೂ ಹೋಗಾಕ ಬರಂಗಿಲ್ಲ. ನಾಳೆ ಒಂದೂವರಿಗೆ ಧಾರವಾಡದಾಗ…”

“ಬಿ.ಎಸ್ಸಿ. ಮಾಡಿ ಏನ ಮಾಡ್ತೀ?” ಬಾಬುಸಾಬರ ದನಿ ಏರಿತು. “ಇಪ್ಪತ್ತೈದು ವರ್ಷ ನಾ ಮೋಟರ್ ಕಟ್ಟೇನಿ. ಫ್ಯಾಕ್ಟರಿಯೊಳಗ ಅದು ಛಲೋ ಐತಿ ಅಂತ ಸಹಿ ಮಾಡಿದವ ಯಾವನೋ ಟೈ ಕಟ್ಟಿದವ. ಸ್ಪ್ಯಾನರ್ ಹಿಡಿಯಾಕ ಬರದವ. ನಿನ್ನ ಕೈಯಾಗ ಸ್ಪ್ಯಾನರೂ ಇರಲಿ, ಸಹಿನೂ ಇರಲಿ ಅಂತ ಮಾಡಿದೆ. ಅಲ್ಲಿ ಎಪ್ಪತ್ತು ಪರ್ಸೆಂಟ್ ಪ್ರಾಕ್ಟಿಕಲ್ ಐತೆಲ್ಲ.”

ನಾಹಿದಾಗೆ ಕೂಗಾಡಬೇಕೆನಿಸಿತ್ತು. ಈ ಮಾತಿನ ಮುಂದೆ ಕೂಗು ಸೋತಿತು. “ಪ್ರಾಕ್ಟಿಕಲ್ ಮನ್ಯಾಗ ಬೇಕಾದಷ್ಟು ಐತಿ ಅಬ್ಬಾ,” ಎಂದಳು. “ರೊಟ್ಟಿ ಇದ್ದವರು ಸಂತ್ಯಾಗ ಪಲ್ಲೆ ತರ್ತಾರೋ, ಮತ್ತ ರೊಟ್ಟಿನ ತರ್ತಾರೋ?”

ಬಾಬುಸಾಬ ಅಂಗಡಿಯ ಕೀಲಿ ಹಿಡಿದು ಹೊರಗೆ ನಡೆದರು. ಶನಿವಾರ ಬೆಳಗಾಗುವುದರೊಳಗೆ ‘ಒಂದು ಸರ್ವಿಸ್ ಕೆಲಸ ಐತಿ’ ಎಂದು ಹೊರಟುಹೋದರು.

ನಾಹಿದಾ ಅಂಗಡಿ ತೆರೆದಳು. ರಿಪೇರಿಯಾಗಿ ಸಾಲಾಗಿ ನಿಂತಿದ್ದ ಎಂಟು ಮೋಟರೂ ಮಾಯ. ನೆಲದ ಮೇಲೆ ಎಂಟು ಎಣ್ಣೆ ಕಲೆ ಮಾತ್ರ ಹಾಜರಿ ಕೊಡುತ್ತಿದ್ದವು. ಅಷ್ಟರಲ್ಲಿ ಬಾಗಿಲಿಗೆ ಟಂಟಂ ಗಾಡಿ ನಿಲ್ಲಿಸಿಕೊಂಡು ಹುಚ್ಚಪ್ಪನೇ ಇಳಿದ. ರುಮಾಲಿನಿಂದ ಹಿಡಿದು ಹುಬ್ಬಿನವರೆಗೂ ತಿಳಿಗೆಂಪು. ಗಿರಣಿ ಅವನನ್ನೂ ಅರ್ಧ ಬೀಸಿತ್ತು.

“ಎಲ್ಲೈತವಾ ನನ್ನ ಮೋಟರ? ನಿಮ್ಮಪ್ಪ ಗುರುವಾರ ಅಂದ, ಶುಕ್ರವಾರ ಅಂದ. ಅಲ್ಲಿ ಹೆಣ್ಣಮಕ್ಕಳು ಮೆಣಸಿನಕಾಯಿ ಚೀಲ ಪಾಳಿಗೆ ಹಚ್ಚಿ ಕುಂತಾರ. ನಾ ಅಲ್ಲಿ ಹೋದ್ರ ನನ್ನ ಕುಟ್ಟತಾರ.”

“ಕಾಕಾ, ಖರೇ ಹೇಳ್ತೇನಿ. ಎಲ್ಲೈತಿ ನನಗೂ ಗೊತ್ತಿಲ್ಲ. ಅಬ್ಬಾ ಎಲ್ಲಿ ಹೋಗ್ಯಾರ ಅನ್ನೂದು ಮಾತ್ರ ಅಂದಾಜೈತಿ. ನನಗೂ ಅಲ್ಲೇ ಕೆಲಸ ಐತಿ. ಗಾಡಿ ಬೈರಿದೇವರಕೊಪ್ಪಕ್ಕ ಬಿಡಸ್ರಿ.”

ಸರ್ವಸಿದ್ಧಿಯ ಗೇಟಿಗೆ ಬಾಳೆಕಂಬ ಕಟ್ಟಿ, ಮಾವಿನ ತೋರಣ ಬಿಟ್ಟಿದ್ದರು. ಕಾಲೇಜಿಗೆ ಮದುವೆಯೋ ಎಂದುಕೊಳ್ಳಬೇಕು. ವರ ಬೆಂಗಳೂರಿನಿಂದ ಬರುತ್ತಿದ್ದ. ಕೋರ್ಸಿಗೆ ಮಂಜೂರಾತಿ ಕೊಡುವ ತಪಾಸಣಾ ಕಮಿಟಿ ಆವತ್ತು ಹನ್ನೊಂದಕ್ಕೆ ಬರಬೇಕಿತ್ತು. ಹೊಸದಾಗಿ ಬಳಿದ ಸುಣ್ಣ ಇನ್ನೂ ಒಣಗದೆ, ಗೋಡೆಗೆ ಒರಗಿದವರನ್ನೆಲ್ಲ ಬಿಳಿಯಾಗಿಸಿ ಕಳಿಸುತ್ತಿತ್ತು.

ಲ್ಯಾಬ್ ಎಂಬ ಹಲಗೆಯಿದ್ದ ಕೋಣೆಯೊಳಗೆ ಎಂಟು ಟೇಬಲ್ಲು, ಟೇಬಲ್ಲಿಗೊಂದು ಮೋಟರು. ಎಲ್ಲಕ್ಕೂ ಆಕಾಶನೀಲಿ ಆಯಿಲ್ ಪೇಂಟು. ಒಂದೊಂದರ ಮೇಲೂ ಚೀಟಿ: ‘ಪ್ರಯೋಗ ಸಂಖ್ಯೆ ಒಂದು’, ‘ಪ್ರಯೋಗ ಸಂಖ್ಯೆ ಎರಡು’. ನಾಹಿದಾ ನಾಲ್ಕನೇ ಪ್ರಯೋಗದ ಹತ್ತಿರ ಬಂದಳು. ಮೂಗು ತುರಿಸಿತು. ಒಂದು, ಎರಡು, ಮೂರು. ಮೂರು ಸೀನು ಲೆಕ್ಕಕ್ಕೆ ಸರಿಯಾಗಿ ಬಂದವು. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಅವಳದೇ ಕೈಬರಹ, ಕೆಂಪು ವಾರ್ನಿಶ್: ಹನ್ನೊಂದು.

ತಲೆಯೆತ್ತಿದಳು. ಎದುರಿಗೆ ಬಿಳಿ ಕೋಟು ತೊಟ್ಟು, ಜೇಬಿಗೆ ಎರಡು ಪೆನ್ನು ಸಿಗಿಸಿಕೊಂಡ ಲ್ಯಾಬ್ ಇನ್‌ಸ್ಟ್ರಕ್ಟರ್. ಬಾಬುಸಾಬ.

“ಅಬ್ಬಾ!”

“ಹಳೂ ಹಳೂ,” ಎಂದರು ಬಾಬುಸಾಬ, ಕೋಟಿನೊಳಗೆ ಇನ್ನಷ್ಟು ಸಣ್ಣಗಾಗಿ. “ಎರಡು ದಿನದ ಮಟ್ಟಿಗಂತ, ರಾತ್ರಿನ ಕಳಸಿದೆ. ಇವರವು ಮೋಟರ್ ಮುಂಬಯಿದಿಂದ ಬರಾಕತ್ತಾವಂತ, ದಾರ್‍ಯಾಗ ಅದಾವಂತ. ಅಷ್ಟ ಮಾಡಿದ್ರ ನಿನಗ ಸೀಟು ಅಂದ್ರು.”

“ಮಂದಿ ಮೋಟರ್ ಕೊಟ್ಟು ನನಗ ಸೀಟು ತಗೊಂಡ್ರ? ನಮ್ಮ ಮೋಟರ್ ಇಟ್ಟು ನಮಗ ಪ್ರಾಕ್ಟಿಕಲ್ ಕಲಸವರು ಇವರು?”

ಬಾಬುಸಾಬರ ಮುಖ ನೋಡಲಾಗಲಿಲ್ಲ. ಈ ಲೆಕ್ಕ ಅವರಿಗೆ ಅದುವರೆಗೂ ಹೊಳೆದಿರಲಿಲ್ಲ. ಸಾಲವಾಗಿ ತಂದದ್ದೇ ಆದರೂ ಇಷ್ಟು ಚಂದ ಒಪ್ಪ ಮಾಡಿ ಇಟ್ಟಿದ್ದಾರೆಂದರೆ ಕಲಿಸುವುದೂ ಚಂದ ಇರಬೇಕು ಎಂದುಕೊಂಡಿದ್ದರು.

ಹುಚ್ಚಪ್ಪ ಆಗಲೇ ಬಾಗಿಲಲ್ಲಿ ಜೋರು ಮಾಡುತ್ತಿದ್ದ. “ಯಾರದರಿ ಇಲ್ಲಿ ಮಾಲಕರು? ನನ್ನ ಮೋಟರ…” ಅಷ್ಟರಲ್ಲಿ ಸಫಾರಿ ಸೂಟಿನ ರಮಾಕಾಂತ ಓಡಿ ಬಂದರು. ರಾತ್ರಿ ಧಾರವಾಡದಲ್ಲಿ ತಂಗಿದ್ದ ಕಮಿಟಿಯ ಕಾರು ನವಲೂರು ದಾಟಿದೆಯೆಂದು ಫೋನು ಬಂದಿತ್ತು. ಅವರಿಗೆ ಯಾರನ್ನೂ ಹೊರಗೆ ಕಳಿಸುವಷ್ಟು ಹೊತ್ತಿರಲಿಲ್ಲ. ಹಾಗಾಗಿ ಎಲ್ಲರನ್ನೂ ಒಳಗೇ ನೇಮಿಸಿಕೊಂಡರು.

“ಇನ್ ಅದರ್ ವರ್ಡ್ಸ್, ತಾವು ಬರ್ರಿ, ಕೂಡ್ರಿ. ಗಿರಣಿ ಅದಲ್ಲರಿ ತಮ್ಮದು? ಅಂದ್ರ ಇಂಡಸ್ಟ್ರಿ. ತಾವು ಇವತ್ತು ನಮ್ಮ ಇಂಡಸ್ಟ್ರಿ ಪ್ರತಿನಿಧಿ. ಏ, ಇವರಿಗೆ ಮಾಲಿ ಹಾಕ್ರೋ, ಉಪ್ಪಿಟ್ಟು ಕೊಡ್ರೋ!” ಜೀವಮಾನದಲ್ಲಿ ಮೊದಲ ಸಲ ಕೊರಳಿಗೆ ಹಾರ ಬಿದ್ದ ಹುಚ್ಚಪ್ಪ, ಬೈಯಲೆಂದು ತೆರೆದ ಬಾಯಿಗೆ ಉಪ್ಪಿಟ್ಟು ಹಾಕಿಕೊಂಡ.

ನಾಹಿದಾ ಪ್ರಿನ್ಸಿಪಾಲರಿಗೆ ಅಡ್ಡ ನಿಂತಳು. “ಸರ್, ನನ್ನ ಮಾರ್ಕ್ಸ್ ಕಾರ್ಡು, ಟಿ.ಸಿ. ತಿರುಗಿ ಕೊಡ್ರಿ. ನಾ ಇಲ್ಲಿ ಸೇರಂಗಿಲ್ಲ.”

“ಅವು ಕಪಾಟಿನ್ಯಾಗ ಭದ್ರ ಅವ. ಒಮ್ಮೆ ಒಳಗ ಹೋದದ್ದು ಕೋರ್ಸ್ ಮುಗಿಯೂತನಕಾ ಹೊರಗ ಬರೂದಿಲ್ಲ, ರೂಲ್ಸ್ ಅದ. ನೀ ಈಗ ಥರ್ಡ್ ಸೆಮಿಸ್ಟರ್,” ಎಂದು ಅವಳ ಕೈಗೂ ಒಂದು ಬಿಳಿ ಕೋಟು ತುರುಕಿದರು. ಇನ್ನೂ ಸೇರದ ಕಾಲೇಜಿನಲ್ಲಿ ನಾಹಿದಾ ಒಂದೇ ನಿಮಿಷಕ್ಕೆ ಎರಡು ಸೆಮಿಸ್ಟರ್ ಪಾಸಾಗಿದ್ದಳು.

ಕಾರು ನವಲೂರು ದಾಟಿದ್ದು ನಿಜ. ಮಿರ್ಚಿ ಭಜಿ ಅಂಗಡಿ ದಾಟಿರಲಿಲ್ಲ. ಕಮಿಟಿ ಒಳಗೆ ಬಂದಾಗ ಗೋಡೆ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ನಾಹಿದಾಳ ಕಣ್ಣು ಮುಳ್ಳಿನ ಮೇಲೇ ಇತ್ತು. ಇಲ್ಲಿಂದ ಧಾರವಾಡಕ್ಕೆ ಬಸ್ಸಿಗೆ ಮುಕ್ಕಾಲು ತಾಸು ಹಿಡಿದರೂ ಹಿಡಿಯಿತು.

ಮುಖ್ಯಸ್ಥರು ದಪ್ಪ ಕನ್ನಡಕದ ಹಿರಿಯರು, ಬೆಂಗಳೂರಿನ ಕನ್ನಡ. “ಬಹಳ ಅಚ್ಚುಕಟ್ಟಾಗಿದೆ ಕಣ್ರೀ. ಎಲ್ಲಾ ಒಂದೇ ಬಣ್ಣ. ಎಲ್ಲಿ, ಒಂದು ಪ್ರಯೋಗ ಮಾಡಿ ತೋರಿಸಿ ನೋಡೋಣ. ಇದೇ ಇರಲಿ, ನಾಲ್ಕು.”

ಟೈ ಕಟ್ಟಿದ ಲೆಕ್ಚರರ್ ಕಲ್ಲೇಶ ಮುಂದೆ ಬಂದ. ಕಣ್ಣು ಮುಚ್ಚಿ, ಶಾಲೆ ಹುಡುಗ ಮಗ್ಗಿ ಹೇಳುವ ಧಾಟಿಯಲ್ಲಿ, “ಇಂಡಕ್ಷನ್ ಮೋಟರ್ ಎಂದರೆ ವಿದ್ಯುತ್ ಶಕ್ತಿಯನ್ನು ಯಾಂತ್ರಿಕ ಶಕ್ತಿಯನ್ನಾಗಿ ಪರಿವರ್ತಿಸುವ ಸಾಧನ. ಇದರಲ್ಲಿ ಎರಡು ಭಾಗಗಳುಂಟು…” ಎಂದು ಒಂದು ಪುಟ ಒಪ್ಪಿಸಿದ. ಪುಟ ಮುಗಿಯಿತು. ಸ್ವಿಚ್ ಹಾಕಿದ. ಮೋಟರು ಗುಂಯ್ ಎಂದಿತು. ತಿರುಗಲಿಲ್ಲ. ಆರಿಸಿ ಮತ್ತೆ ಹಾಕಿದ. ಗುಂಯ್. ಕಲ್ಲೇಶ ಮುಂದಿನ ಪುಟ ಶುರುಮಾಡಿದ.

ನಾಹಿದಾ ಅಪ್ಪನ ಕಿವಿಯಲ್ಲಿ, “ಕೆಪ್ಯಾಸಿಟರ್ ಎಲ್ಲೈತಿ?” ಎಂದಳು.

“ಮ್ಯಾಲೊಂದು ದುಂಡನ ಡಬ್ಬಿ ಇತ್ತಲ್ಲ, ಪೇಂಟರ್‌ಗೆ ಅಡ್ಡ ಬರತೈತಂತ ಆ ಟೈಯಾಂವನ ತಗಸ್ಯಾನ. ನಾ ಬಂದಾಗ ಇರಲಿಲ್ಲವಾ,” ಎಂದು ಬಾಬುಸಾಬ ಬೆವರು ಒರೆಸಿಕೊಂಡರು. ಬಿಳಿ ತೋಳಿಗೆ ನೀಲಿ ಬಣ್ಣ ಮೆತ್ತಿತು.

ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ರಮಾಕಾಂತರ ಮುಖ ಪಕ್ಕದ ಗೋಡೆಯ ಸುಣ್ಣದ ಬಣ್ಣಕ್ಕೆ ಬಂತು. ತುಟಿ ಅಲುಗಿಸದೆ ನಾಹಿದಾಳ ಕಡೆ ಬಾಗಿ, “ತಂಗಿ, ನಿನಗ ಬರ್ತದಂತ ನಿಮ್ಮಪ್ಪ ಹೇಳ್ತಿದ್ದ. ಲಗೂ ತಿರಗಸವಾ,” ಎಂದರು.

ನಾಹಿದಾ ಅಷ್ಟೇ ತಗ್ಗಿದ ದನಿಯಲ್ಲಿ, ಅವರದೇ ಗಂಟಲು ತೆಗೆದು, “ಇನ್ ಅದರ್ ವರ್ಡ್ಸ್, ಮಾರ್ಕ್ಸ್ ಕಾರ್ಡು,” ಎಂದಳು.

“ಆಮ್ಯಾಲೆ ಕೊಡ್ತೇನಿ.”

“ಮೋಟರೂ ಆಮ್ಯಾಲೆ ತಿರಗತೈತ್ರಿ ಸರ್.”

“ರೂಲ್ಸ್ ಅದಲ್ಲ ತಂಗಿ…”

“ಮೋಟರಿಗೂ ರೂಲ್ಸ್ ಅದಾವ್ರಿ.”

ಪ್ರಿನ್ಸಿಪಾಲರು ಕೆಮ್ಮಿದರು. “ನಮ್ಮ ವಿದ್ಯಾರ್ಥಿನಿ ಪ್ರಯೋಗಕ್ಕ ಬೇಕಾದ ಒಂದು ಕಾಗದ ಕೇಳ್ಲಿಕ್ಕತ್ತಾಳ್ರಿ,” ಎಂದು ಕಮಿಟಿಗೆ ಹೇಳಿ, ಬಂದ ವೇಗದ ಎರಡು ಪಟ್ಟು ವೇಗದಲ್ಲಿ ಓಡಿದರು. ಮೂರು ವರ್ಷ ತೆರೆಯದ ರೂಲ್ಸಿನ ಕಪಾಟು ಮೂರು ನಿಮಿಷದಲ್ಲಿ ತೆರೆಯಿತು. ನಾಹಿದಾ ಎರಡೂ ಹಾಳೆಗಳನ್ನು ಹಿಂದೆ ಮುಂದೆ ನೋಡಿ, ಸೀಲು ನೋಡಿ, ಮಡಚಿ ಕೋಟಿನ ಒಳಗೆ ಇಟ್ಟುಕೊಂಡಳು. ಆಮೇಲೆ ಸ್ವಿಚ್ ಹಾಕಿ, ಗುಂಯ್ ಎನ್ನುತ್ತಿದ್ದ ಮೋಟರಿನ ಪುಲಿಯನ್ನು, ಅಂದರೆ ಬೆಲ್ಟ್ ಹಾಕುವ ಗಾಲಿಯನ್ನು, ಬಲಕ್ಕೆ ಒಂದು ಸಲ ತಿರುವಿ ಕೈ ಹಿಂದೆಳೆದಳು.

ಮೋಟರು ಹೊರಟಿತು. ಜೊತೆಗೆ ಅಮರಗೋಳವೂ ಹೊರಟಿತು. ಫ್ಯಾನಿನ ಸಂದಿಯಲ್ಲಿ ವರ್ಷಗಟ್ಟಲೆ ಅಡಗಿದ್ದ ಖಾರದ ಧೂಳು ಬಿಸಿ ಗಾಳಿಯಾಗಿ ಕಮಿಟಿಯ ಮುಖಕ್ಕೆ ಹೊಡೆಯಿತು. ಮುಖ್ಯಸ್ಥರು ಸೀನಿದರು. ಸದಸ್ಯರು ಸೀನಿದರು. ಕಲ್ಲೇಶನ ಎರಡನೇ ಪುಟ ಸೀನಿನಲ್ಲಿ ಕೊಚ್ಚಿಹೋಯಿತು. ರಮಾಕಾಂತರಿಗೆ ಮಾತ್ರ ಸೀನು ಬರಲಿಲ್ಲ, ಕಣ್ಣೀರು ಬಂತು. ಅದು ಖಾರಕ್ಕೋ ಖುಷಿಗೋ ಎಂದು ಹೇಳಲಾಗದು.

“ಭೇಷ್!” ಎಂದರು ಮುಖ್ಯಸ್ಥರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. “ಎಡಕ್ಕೆ ತಿರುಗುತ್ತಾ?”

ನಾಹಿದಾ ಆರಿಸಿ, ನಿಂತ ಮೇಲೆ ಮತ್ತೆ ಸ್ವಿಚ್ ಹಾಕಿ, ಎಡಕ್ಕೆ ತಿರುವಿದಳು. ಎಡಕ್ಕೂ ಹೊರಟಿತು. ಕಮಿಟಿಯ ಭೇಟಿಗೆಂದು ಕರೆಸಿದ್ದ ಫೋಟೋದವನ ಫ್ಲ್ಯಾಶ್ ಮಿಂಚಿತು. ಇನ್ನೊಂದು ಸುತ್ತು ಸೀನು.

“ಅದು ಹೇಗಮ್ಮಾ? ಯಾಕೆ ಹಾಗಾಗುತ್ತೆ?”

ಕಲ್ಲೇಶ, “ಪುಟ ನೂರಾ ಹದಿನಾಲ್ಕು ಸರ್,” ಎಂದ.

ನಾಹಿದಾ ಕಲ್ಲೇಶನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಒಬ್ಬನಿಗೆ ಪುಟ ಗೊತ್ತು, ಒಬ್ಬರಿಗೆ ಪುಲಿ ಗೊತ್ತು. “ಗೊತ್ತಿಲ್ರಿ ಸರ್,” ಎಂದಳು. “ಅದನ್ನ ಕಲಿಯಾಕ ಹೊಂಟೇನಿ. ಒಂದೂವರಿಯೊಳಗ ಮುಟ್ಟಬೇಕು.”

ಹೊರಗೆ ಕೂತು ಎರಡನೇ ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ ಇಂಡಸ್ಟ್ರಿ ಪ್ರತಿನಿಧಿಗೆ ಆಗ ತನ್ನ ಮೋಟರಿನ ದನಿ ಕೇಳಿಸಿತು. ತಾಯಿಗೆ ಕೂಸಿನ ಅಳು ಯಾವುದೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹಾರ ಹಾಕಿಕೊಂಡೇ ನುಗ್ಗಿದ. “ಏ ಇದು ನನ್ನದು! ಇದು ನನ್ನ ಮೋಟರ್ರೀ!”

ರಮಾಕಾಂತ ಒಂದು ಕ್ಷಣವೂ ಹಾಳುಮಾಡಲಿಲ್ಲ. “ನೋಡಿದ್ರೆಲ್ಲ ಸರ್, ಇಲ್ಲಿಯ ಉದ್ಯಮದವರು ನಮ್ಮ ಲ್ಯಾಬನ್ನ ತಮ್ಮದಂತನ ತಿಳಕೊಂಡಾರ.”

ಮುಖ್ಯಸ್ಥರು ತಲೆದೂಗಿ ಬರೆದುಕೊಂಡರು. ಅವರ ವರದಿಯಲ್ಲಿ ಮೂರು ಮೆಚ್ಚುಗೆಯ ಸಾಲುಗಳಿದ್ದವೆಂದು ಆಮೇಲೆ ತಿಳಿಯಿತು: ವಿದ್ಯಾರ್ಥಿಗಳಲ್ಲಿ ಕಲಿಯುವ ಹಂಬಲವಿದೆ, ಉದ್ಯಮದೊಡನೆ ಆತ್ಮೀಯ ನಂಟಿದೆ, ಪ್ರಯೋಗಗಳು ಕಣ್ಣಲ್ಲಿ ನೀರು ತರಿಸುವಷ್ಟು ಪರಿಣಾಮ ಬೀರುತ್ತವೆ. ಸರ್ವಸಿದ್ಧಿಗೆ ಮಂಜೂರಾತಿ ಸಿಕ್ಕಿತು.

ನಾಹಿದಾ ಅಷ್ಟೊತ್ತಿಗೆ ರಸ್ತೆಯಲ್ಲಿದ್ದಳು. ಹಿಂದೆ ಏದುಸಿರು ಬಿಡುತ್ತ ಬಾಬುಸಾಬ. “ಹುಚ್ಚಪ್ಪನ ಮೋಟರ್ ಟಂಟಂದಾಗ ಹಾಕಿ ಕಳಸೇನಿ, ಅಂಗಡ್ಯಾಗಿಂದ ಬ್ಯಾರೆ ಕೆಪ್ಯಾಸಿಟರ್ ಸಂಜಿಗೆ ನಾನ ಹೋಗಿ ಹಾಕಿ ಬರ್ತೇನಿ. ಉಳದ ಏಳೂ ಇವತ್ತ ತರ್ತೇನಿ,” ಎಂದರು. ಬಸ್ಸಿಗೆ ಕೈ ಮಾಡುತ್ತ, “ಆ ಟೈಯಾಂವಗೂ ಸ್ಪ್ಯಾನರ್ ಹಿಡಿಯಾಕ ಬರಂಗಿಲ್ಲವಾ,” ಎಂದರು.

“ಹೂಂ ಅಬ್ಬಾ.”

“ನಿನಗ ಮಾತ್ರ ಯಾಕಂತ ಹೇಳಾಕ ಬರಲಿಲ್ಲ.”

“ಅದಕ್ಕ ಹೊಂಟೇವಲ್ಲ.”

ಬಸ್ಸು ತುಂಬಿತ್ತು. ಕಂಡಕ್ಟರ್ ಬಿಳಿ ಕೋಟು ನೋಡಿದವನೇ, “ಡಾಕ್ಟರ್ ಸಾಹೇಬ್ರಿಗೆ ಜಾಗಾ ಬಿಡ್ರೋ!” ಎಂದು ಇಬ್ಬರನ್ನು ಎಬ್ಬಿಸಿದ. ನಾಹಿದಾ ತನ್ನ ಕೋಟನ್ನು ಗೇಟಿನಲ್ಲೇ ಬಿಟ್ಟು ಬಂದಿದ್ದಳು, ತಮ್ಮದನ್ನು ತೆಗೆಯುವುದನ್ನು ಬಾಬುಸಾಬ ಮರೆತಿದ್ದರು. ಪಕ್ಕದ ಅಜ್ಜ ಒಬ್ಬ ಅವರ ಮುಂದೆ ಮೊಣಕಾಲು ಚಾಚಿ ನೋವಿನ ಕಥೆ ಶುರುಮಾಡಿದ. ಬಾಬುಸಾಬ ಗಂಭೀರವಾಗಿ ಮೊಣಕಾಲು ಮುಟ್ಟಿ ನೋಡಿ, “ಬೇರಿಂಗ್ ಸವದೈತಿ, ಗ್ರೀಸ್ ಬೇಕು,” ಎಂದರು. ಅಜ್ಜನಿಗೆ ಪೂರ್ತಿ ಸಮಾಧಾನವಾಯಿತು. ಇಷ್ಟು ತಿಳಿಯುವ ಹಾಗೆ ಹೇಳಿದ ಡಾಕ್ಟರು ಅವನಿಗೆ ಸಿಕ್ಕಿರಲಿಲ್ಲ.

ಹಳೇ ಕಾಲೇಜಿನ ಕೌಂಟರಿಗೆ ಅವರು ಮುಟ್ಟಿದಾಗ ಒಂದು ಇಪ್ಪತ್ತೈದು. ಗುಮಾಸ್ತರು ಕಿಟಕಿಯ ಬಾಗಿಲಿಗೆ ಕೈ ಹಾಕಿದ್ದರು. ನಾಹಿದಾ ಹಾಳೆಗಳನ್ನು ಒಳಗೆ ತಳ್ಳಿದಳು. ಗುಮಾಸ್ತರು ಮಾರ್ಕ್ಸ್ ಕಾರ್ಡ್ ಬಿಡಿಸಿದರು, ನೀಲಿ ಹೆಬ್ಬೆಟ್ಟಿನ ಗುರುತು ಕಂಡು ಹುಬ್ಬು ಗಂಟಿಕ್ಕಿದರು, ಏನೋ ಕೇಳಬೇಕೆಂದು ಬಾಯಿ ತೆರೆದರು. ಸೀನಿದರು. ಎರಡನೇ ಸಲ ಸೀನಿ, ಮೂರನೆಯದು ಬರುವುದರೊಳಗೆ ಟಪ್ಪೆಂದು ಸೀಲು ಹೊಡೆದು ಹಾಳೆಯನ್ನು ದೂರವಿಟ್ಟರು.

ಹೊರಡಲು ಚೀಲ ಹೆಗಲಿಗೇರಿಸಿದ್ದ ವಿದ್ಯಾ ಮೇಡಂ ಅವಳನ್ನು ನೋಡಿ ನಿಂತರು. “ಬಂದೀಯಾ? ಉತ್ತರ ತಂದೀ ಏನು?”

“ಇಲ್ರಿ ಮೇಡಂ. ಬಲಕ್ಕೂ ತಿರುವಿ ಬಂದೆ, ಎಡಕ್ಕೂ ತಿರುವಿ ಬಂದೆ. ಯಾಕ ಅಂತ ನೀವ ಹೇಳ್ರಿ.”

“ಇಲ್ಲೇ ನಿಂತಾ? ಮೂರು ವರ್ಷ ಹಿಡೀತದ.”

“ಹಿಡೀಲಿ ಬಿಡ್ರಿ,” ಎಂದರು ಬಾಬುಸಾಬ ಹಿಂದಿನಿಂದ, ಬಿಳಿ ಕೋಟಿನಲ್ಲಿ. “ಬೇಕಾದ್ರ ಮೋಟರ್ ನಾ ತಂದು ಕೊಡ್ತೇನಿ.”

“ಅಬ್ಬಾ!” ಎಂದಳು ನಾಹಿದಾ.

“ನಮ್ಮದು ತರ್ತೇನಿ ಬಿಡು, ಮಂದೀದಲ್ಲ.”

ಮರುವರ್ಷ ಜೂನಿನಲ್ಲಿ ಸರ್ವಸಿದ್ಧಿಯ ಹೊಸ ಪುಸ್ತಿಕೆ ಬಂತು. ಈ ಸಲ ಪ್ರಾಕ್ಟಿಕಲ್ ಎಂಬತ್ತು ಪರ್ಸೆಂಟಿಗೇರಿತ್ತು. ಸೋಲ್ಡರಿಂಗ್ ಹುಡುಗ ರಿಟೈರ್ ಆಗಿದ್ದ. ಅವನ ಜಾಗದಲ್ಲಿ, ಬಿಳಿ ಕೋಟು ತೊಟ್ಟು ನೀಲಿ ಮೋಟರಿನ ಪುಲಿ ತಿರುವುತ್ತಿರುವ ನಾಹಿದಾ. ಕೆಳಗೆ, ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’. ತಾಯಿ ಅದನ್ನು ಹರಿದು ಒಲೆಗೆ ಹಾಕಲು ಹೊರಟರೆ ಬಾಬುಸಾಬ ಕಸಿದುಕೊಂಡು ಅಂಗಡಿಯ ಗೋಡೆಗೆ ಅಂಟಿಸಿದರು. ಆ ಪುಸ್ತಿಕೆಯಲ್ಲಿ ಸಾಮಾನನ್ನು ಸರಿಯಾಗಿ ಹಿಡಿದವಳು ಅವಳೊಬ್ಬಳೇ ಎಂಬುದು ಅವರ ವಾದ.

ಮೋಟರು ಸುಟ್ಟಿತೆಂದು ಮತ್ತೆ ಬಂದ ಹುಚ್ಚಪ್ಪ ಆ ಫೋಟೋದ ಮುಂದೆ ಬಹಳ ಹೊತ್ತು ನಿಂತ. ಟಂಟಂನಲ್ಲಿದ್ದ ಅವನ ಮೋಟರು ಇನ್ನೂ ಆಕಾಶನೀಲಿಯೇ ಇತ್ತು.

“ಎಲ್ಲಾ ಖರೆ, ಸಾಬರ,” ಎಂದ ಕಡೆಗೆ. “ಹುಡುಗಿ ಹೆಸರು ಹಾಕಿಲ್ಲ, ನನ್ನ ಹೆಸರೂ ಹಾಕಿಲ್ಲ. ಆದ್ರ ಬಣ್ಣ ಮಾತ್ರ ಗಟ್ಟಿ ಹಚ್ಯಾರ್ ನೋಡ್ರಿ ಮಕ್ಕಳು. ಅದೊಂದು ಪ್ರಾಕ್ಟಿಕಲ್ ಅವರಿಗೆ ಖರೇನ ಬರತೈತಿ.”